ಸಹಿ ಹಾಕಿದರೆ ಮದುವೆ ಮುರಿಯುವುದಿಲ್ಲ

ಚೆಂಬೂರಿನ ಕನ್ನಡ, ತುಳು ಮನೆಗಳಲ್ಲಿ ಒಂದು ಮದುವೆ ಮುರಿಯುವ ಹಂತಕ್ಕೆ ಬಂದಾಗ ವಕೀಲರ ನೆನಪಾಗುವುದು ಕೊನೆಗೆ. ಮೊದಲು ಫೋನು ಹೋಗುವುದು ಹುಡುಗಿಯ ಸೋದರಮಾವನಿಗೆ, ಸಂಬಂಧ ಕುದುರಿಸಿದವರಿಗೆ, ಸಮಾಜದಲ್ಲಿ ಮಾತಿಗೆ ತೂಕವಿರುವ ಹಿರಿಯರಿಗೆ. ಒಂದು ಭಾನುವಾರ ಎರಡೂ ಕಡೆಯವರು ಕೂಡುತ್ತಾರೆ. ಮದುವೆಯಲ್ಲಿ ಹಾಕಿದ ಚಿನ್ನದ ಲೆಕ್ಕವಾಗುತ್ತದೆ, ಕೊಡಬೇಕಾದ ಮೊತ್ತಕ್ಕೆ ಒಪ್ಪಿಗೆಯಾಗುತ್ತದೆ, ಮಗು ಯಾರ ಬಳಿ ಇರಬೇಕೆಂದು ತೀರ್ಮಾನವಾಗುತ್ತದೆ. ಆಮೇಲೆ ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿ, ‘ಇನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲ’ ಎಂದು ಎದ್ದುಬಿಡುತ್ತಾರೆ. ಆ ಮಾತುಕತೆ ಬೇಡವೆಂದು ನಾನು ಹೇಳುವುದಿಲ್ಲ. ಗಂಡಹೆಂಡಿರ ಜಗಳವನ್ನು ಬಲ್ಲವರು ಕೂತು ಬಗೆಹರಿಸುವುದಾದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ನನ್ನ ತಕರಾರು ಇರುವುದು ಆಮೇಲಿನ ಹೆಜ್ಜೆಯ ಬಗ್ಗೆ. ಮನೆಯಲ್ಲಿ ಆದ ಒಪ್ಪಂದ ಕೋರ್ಟಿಗೆ ಹೋಗಿ ಡಿಕ್ರಿಯಾಗದಿದ್ದರೆ ಕಾನೂನಿನ ಕಣ್ಣಿನಲ್ಲಿ ಆ ಮದುವೆ ಹಾಗೆಯೇ ಇರುತ್ತದೆ. ಅದರ ಪೆಟ್ಟು ತಗಲುವುದು ಬಹುಮಟ್ಟಿಗೆ ಹೆಂಗಸಿಗೆ ಮತ್ತು ಮಕ್ಕಳಿಗೆ. ವಿಚ್ಛೇದನ, ಜೀವನಾಂಶ, ಮಕ್ಕಳ ಪಾಲನೆ ಕುರಿತು ಜನ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೊಂದು ತಪ್ಪು ತಿಳಿವಳಿಕೆಯಿಂದಲೇ ಹುಟ್ಟಿವೆ.

ಕೋರ್ಟೆಂದರೆ ಯಾವ ಕೋರ್ಟು ಎಂಬುದೇ ಮುಂಬಯಿ ಕನ್ನಡಿಗರಿಗೆ ಮೊದಲ ಗೊಂದಲ. ಧಾರೆ ನಡೆದದ್ದು ಉಡುಪಿಯ ಸಭಾಭವನದಲ್ಲಿ, ಸಂಸಾರ ತಿಲಕ್ ನಗರದಲ್ಲೋ ಛೇಡಾ ನಗರದಲ್ಲೋ, ಜಗಳವಾದ ಮೇಲೆ ಹುಡುಗಿ ಹೋಗಿ ಕೂತದ್ದು ಕಾರ್ಕಳದ ತವರಿನಲ್ಲಿ. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ಈ ಮೂರೂ ಜಾಗಗಳನ್ನು ಒಪ್ಪುತ್ತದೆ. ಮದುವೆ ನಡೆದ ಊರು, ಎದುರುಪಕ್ಷದವರು ಈಗ ಇರುವ ಊರು, ಗಂಡಹೆಂಡತಿ ಕೊನೆಯ ಬಾರಿ ಜೊತೆಯಾಗಿ ಇದ್ದ ಊರು, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿಗೆ ಇನ್ನೊಂದು ಅನುಕೂಲವಿದೆ: ಅರ್ಜಿದಾರಳು ಅವಳೇ ಆಗಿದ್ದರೆ ತಾನು ಈಗ ವಾಸವಿರುವ ಊರಿನ ಕೋರ್ಟಿಗೇ ಹೋಗಬಹುದು. ಗಂಡನಿಗೆ ಈ ಅನುಕೂಲ ಹಾಗೆ ಸಿಗುವುದಿಲ್ಲ. ಅವನು ಮುಂಬಯಿಯಲ್ಲಿ ಹೂಡಿದ ಕೇಸನ್ನು ಹೆಂಡತಿ ಉಡುಪಿಗೆ ವರ್ಗಾಯಿಸಿಕೊಳ್ಳಬೇಕೆಂದರೆ ಎರಡು ರಾಜ್ಯಗಳ ಸಂಗತಿಯಾದ್ದರಿಂದ ಸುಪ್ರೀಂ ಕೋರ್ಟನ್ನೇ ಕೇಳಬೇಕು. ಮುಂಬಯಿಯ ಫ್ಯಾಮಿಲಿ ಕೋರ್ಟು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕೆಳಗೆ 1989ರಲ್ಲಿ ಶುರುವಾಯಿತು; ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ಚೆಂಬೂರಿನವರು ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಹೋಗಿ ಬಸ್ಸನ್ನೋ ರಿಕ್ಷಾವನ್ನೋ ಹಿಡಿದರಾಯಿತು. ವಿಚ್ಛೇದನ ಮಾತ್ರವಲ್ಲದೆ ಜೀವನಾಂಶ, ಮಕ್ಕಳ ಪಾಲನೆ, ಗಂಡಹೆಂಡತಿಯ ನಡುವಿನ ಆಸ್ತಿ ವ್ಯಾಜ್ಯ, ಮದುವೆ ಊರ್ಜಿತವೋ ಅಲ್ಲವೋ ಎಂಬ ಪ್ರಶ್ನೆ ಎಲ್ಲವೂ ಇದೇ ಕೋರ್ಟಿಗೆ ಬರುತ್ತವೆ. ಕನ್ನಡದಲ್ಲಿರುವ ಲಗ್ನಪತ್ರಿಕೆ, ರಸೀದಿ, ಕಾಗದಪತ್ರಗಳಿದ್ದರೆ ಅವುಗಳ ಅನುವಾದ ಮಾಡಿಸಿ ಇಟ್ಟುಕೊಳ್ಳಬೇಕು, ಅಷ್ಟೆ.

ಈಗ ಛಾಪಾ ಕಾಗದದ ವಿಷಯ. ಮಹಾರಾಷ್ಟ್ರದಲ್ಲಿ 100 ರೂಪಾಯಿಯ ಕಾಗದದಲ್ಲಿ ಆಗುತ್ತಿದ್ದ ಬರಹಗಳಿಗೆ 2024ರ ಅಕ್ಟೋಬರಿನಿಂದ 500 ರೂಪಾಯಿಯ ಕಾಗದ ಬೇಕು. ಬೆಲೆ ಏರಿದ್ದರಿಂದ ಅದರ ಬಲವೇನೂ ಏರಿಲ್ಲ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ. ಇಬ್ಬರೂ ಮನಸಾರೆ ಒಪ್ಪಿ ಸಹಿ ಹಾಕಿದ್ದರೂ, ಹತ್ತು ಸಾಕ್ಷಿಗಳಿದ್ದರೂ, ಆ ಕಾಗದ ‘ನಾವು ಬೇರೆ ಇರಲು ಒಪ್ಪಿದ್ದೇವೆ’ ಎಂಬುದಕ್ಕೆ ಸಾಕ್ಷಿಯಾದೀತೇ ಹೊರತು ವಿಚ್ಛೇದನವಾಗದು. ನೋಟರಿಯ ಮುದ್ರೆ ಕಂಡರೆ ಜನಕ್ಕೆ ಅದು ಸರ್ಕಾರಿ ಒಪ್ಪಿಗೆಯಂತೆ ಕಾಣುತ್ತದೆ. ನೋಟರಿಯ ಕೆಲಸ ಸಹಿ ಹಾಕಿದವರು ಇವರೇ ಎಂದು ದೃಢೀಕರಿಸುವುದು. ಮದುವೆ ಮಾಡಿಸುವ ಅಥವಾ ಮುರಿಯುವ ಅಧಿಕಾರ ಅವರಿಗಿಲ್ಲ. ಮದುವೆ, ವಿಚ್ಛೇದನಗಳ ಪತ್ರ ಮಾಡಿಕೊಡಬಾರದೆಂದು ಕೇಂದ್ರ ಕಾನೂನು ಸಚಿವಾಲಯವೇ 2024ರಲ್ಲಿ ನೋಟರಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಹಾಗೆ ಎಚ್ಚರಿಸಬೇಕಾಗಿ ಬಂದದ್ದೇ ಈ ಅಭ್ಯಾಸ ದೇಶದಲ್ಲಿ ಎಷ್ಟು ಹರಡಿದೆ ಎನ್ನುವುದಕ್ಕೆ ಪುರಾವೆ.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ, ಅದೂ ಕರಾವಳಿಯ ಸಮಾಜಗಳಿಂದಲೇ. ‘ನಮ್ಮಲ್ಲಿ ಮೊದಲಿನಿಂದಲೂ ಬಿಡುಗಡೆ ಇತ್ತು, ಮರುಮದುವೆಯೂ ಇತ್ತು, ಅದಕ್ಕೆ ಯಾವ ಕೋರ್ಟೂ ಬೇಕಾಗಿರಲಿಲ್ಲ’ ಎನ್ನುತ್ತಾರೆ. ಈ ಮಾತಿನಲ್ಲಿ ಚರಿತ್ರೆಯ ಸತ್ಯವಿದೆ. ಅಳಿಯಸಂತಾನ ಕಟ್ಟಿನ ಬಂಟ, ಬಿಲ್ಲವ, ಮೊಗವೀರ ಮತ್ತಿತರ ಕುಟುಂಬಗಳಲ್ಲಿ ಹೆಣ್ಣಿನ ಮೂಲಕ ಆಸ್ತಿ ಇಳಿಯುತ್ತಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡನನ್ನು ಬಿಟ್ಟು ಬಂದ ಹೆಣ್ಣು ಬೀದಿಗೆ ಬೀಳುತ್ತಿರಲಿಲ್ಲ, ತನ್ನ ಕುಟುಂಬದ ಮನೆಗೇ ಬರುತ್ತಿದ್ದಳು. ವಿಧವೆಯ ಮರುಮದುವೆಗೂ ಸಮಾಜ ಒಪ್ಪಿದ ರೀತಿಯಿತ್ತು. ದೇಶದ ಉಳಿದ ಹಲವು ಹಿಂದೂ ಸಮಾಜಗಳಲ್ಲಿ ವಿಚ್ಛೇದನದ ಕಲ್ಪನೆಯೇ ಇರದಿದ್ದ ಕಾಲದ ಮಾತಿದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಈ ಜನರ ಮದುವೆ, ಜೀವನಾಂಶ, ಪಾಲಕತ್ವ, ಪಾಲುಪಟ್ಟಿಗಳಿಗೆ ಬರೆದ ರೂಪ ಕೊಟ್ಟಿತು. ಇತ್ತ ಮುಂಬಯಿ ಪ್ರಾಂತ್ಯ ಅದಕ್ಕೂ ಮುಂಚೆ, 1947ರಲ್ಲಿಯೇ, ಹಿಂದೂ ವಿಚ್ಛೇದನ ಕಾಯ್ದೆ ಮಾಡಿತ್ತು. ಅಂದರೆ ಊರಿನಿಂದ ಹೊರಟು ಮುಂಬಯಿಯ ಹೋಟೆಲುಗಳಿಗೆ ಬಂದ ನಮ್ಮ ಹಿಂದಿನವರು, ದೇಶದ ಹಿಂದೂಗಳಿಗೆ ಒಂದೇ ಕಾನೂನು ಬರುವ ಮೊದಲೇ, ಹೊರಟ ಊರಿನಲ್ಲೂ ಬಂದ ಊರಿನಲ್ಲೂ ವಿಚ್ಛೇದನ ಇದ್ದ ಜನ.

1955ರ ಕಾಯ್ದೆ ರೂಢಿಯನ್ನು ಅಳಿಸಿಹಾಕಲೂ ಇಲ್ಲ. ರೂಢಿಯಿಂದ ಬಂದ ವಿಚ್ಛೇದನದ ಹಕ್ಕಿಗೆ ಧಕ್ಕೆಯಿಲ್ಲ ಎಂದು ಅದರ 29ನೇ ಕಲಮಿನ ಎರಡನೇ ಉಪಕಲಮು ಸ್ಪಷ್ಟವಾಗಿಯೇ ಹೇಳುತ್ತದೆ. ಛಾಪಾ ಕಾಗದ ಮಾಡಿಸುವವರು ಆತು ನಿಲ್ಲುವುದು ಇದೇ ಕಲಮಿಗೆ. ಆದರೆ ರೂಢಿ ಇದೆ ಎಂದು ಹೇಳಿದರೆ ಸಾಲದು, ಅದನ್ನು ರುಜುವಾತುಪಡಿಸಬೇಕು. ಬಹುಕಾಲದಿಂದ ತಪ್ಪದೆ, ಒಂದೇ ರೀತಿಯಲ್ಲಿ ನಡೆದುಬಂದಿರಬೇಕು; ಖಚಿತವಾಗಿರಬೇಕು; ನ್ಯಾಯಕ್ಕೆ ವಿರುದ್ಧವಾಗಿರಬಾರದು. ರೂಢಿಯ ವಿಚ್ಛೇದನ ಒಂದು ಅಪವಾದ, ಅದನ್ನು ಹೇಳುವವರು ನಿರ್ದಿಷ್ಟವಾಗಿ ಪ್ರತಿಪಾದಿಸಿ ಸಾಕ್ಷ್ಯದಿಂದ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರ ತೀರ್ಪಿನಲ್ಲಿ ಹೇಳಿದೆ. ಮೂರು ತಲೆಮಾರಿನಿಂದ ಚೆಂಬೂರಿನಲ್ಲಿರುವ, ಕುರ್ಲಾದ ಬಂಟರ ಭವನದಲ್ಲೋ ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲೋ ಮದುವೆ ಮಾಡುವ ಕುಟುಂಬವೊಂದು ತನ್ನಲ್ಲಿ ಅಂಥ ರೂಢಿ ಎಂದೂ ತುಂಡಾಗದೆ ನಡೆದಿದೆ ಎಂದು ಕಟಕಟೆಯಲ್ಲಿ ತೋರಿಸುವುದು ಹೇಗೆ? ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಳೆಯ ರೂಢಿಯಲ್ಲಿ ಬಿಡುಗಡೆ ಸುಲಭವಾಗಿದ್ದದ್ದು ಹೆಣ್ಣಿಗೆ ಕುಟುಂಬದ ಆಸ್ತಿಯ ಆಸರೆ ಇದ್ದುದರಿಂದ. ಆ ಆಸರೆ ಈಗ ಉಳಿದಿಲ್ಲ. 1956ರ ಉತ್ತರಾಧಿಕಾರ ಕಾಯ್ದೆ, ಕುಟುಂಬಗಳ ಪಾಲು, ವಲಸೆ ಎಲ್ಲ ಸೇರಿ ಆ ಏರ್ಪಾಡನ್ನು ಕರಗಿಸಿವೆ. ಆಸರೆಯನ್ನು ಬಿಟ್ಟು ಸುಲಭ ಬಿಡುಗಡೆಯನ್ನು ಮಾತ್ರ ಉಳಿಸಿಕೊಂಡರೆ ಅದು ಪರಂಪರೆಯನ್ನು ಉಳಿಸಿದಂತಾಗುವುದಿಲ್ಲ, ಹೆಣ್ಣಿಗೆ ಮಾಡುವ ಅನ್ಯಾಯವಾಗುತ್ತದೆ.

ಹಿಂದೂಗಳಿಗೆ ಮಾತ್ರ ಈ ಪ್ರಶ್ನೆ ಎಂದುಕೊಳ್ಳಬಾರದು. ಮಂಗಳೂರು ಮೂಲದ ಕ್ಯಾಥೊಲಿಕ್ ಕುಟುಂಬಗಳಲ್ಲಿ ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದು ಸಾರಿದರೆ ಎಲ್ಲ ಮುಗಿಯಿತು ಎಂಬ ನಂಬಿಕೆ ಇದೆ. ಚರ್ಚಿನಲ್ಲಿ ಮತ್ತೆ ಮದುವೆಯಾಗಲು ಅದು ಬೇಕು, ನಿಜ. ಸರ್ಕಾರದ ಕಾನೂನಿಗೆ ಅದು ಸಾಲದು. ದಕ್ಷಿಣ ಕನ್ನಡ ಕ್ಯಾಥೊಲಿಕ್ ಅಸೋಸಿಯೇಷನ್ನಿನ ಮಾಜಿ ಅಧ್ಯಕ್ಷ, ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಚರ್ಚಿನ ಆ ತೀರ್ಪುಗಳಿಗೆ ಕಾನೂನಿನ ಮಾನ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯೇ ದಾರಿ. 2001ರ ತಿದ್ದುಪಡಿಯ ನಂತರ ಅದರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶವಿದೆ. ಮುಸ್ಲಿಮರ ಕಾನೂನು ಬೇರೆ. ಅಲ್ಲಿ ಖುಲಾ, ಮುಬಾರಾತ್‌ನಂಥ ವಿಧಾನಗಳಲ್ಲಿ ಕೋರ್ಟಿನ ಹೊರಗೂ ಮದುವೆ ಮುರಿಯಬಹುದು. ಹೆಂಗಸು 1939ರ ಕಾಯ್ದೆಯ ಪ್ರಕಾರ ಕೋರ್ಟಿಗೂ ಹೋಗಬಹುದು. ಒಂದೇ ಉಸಿರಿನ ಮೂರು ತಲಾಖ್ ಮಾತ್ರ ನಡೆಯದು. 2019ರ ಕಾನೂನಿನಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ.

ಡಿಕ್ರಿಯಿಲ್ಲದೆ ಬೇರೆಯಾದವರಿಗೆ ಹತ್ತು ವರ್ಷವಾದರೂ ಏನೂ ಆಗದೆ ಇರಬಹುದು. ತೊಂದರೆ ಬರುವುದು ಮರುಮದುವೆಯಾದಾಗ. ಹಿಂದಿನ ಮದುವೆ ಕಾನೂನಿನಲ್ಲಿ ಉಳಿದೇ ಇರುವುದರಿಂದ ಎರಡನೆಯದು ಅಸಿಂಧು. ದ್ವಿಪತ್ನಿತ್ವದ, ಹಾಗೆಯೇ ಗಂಡನಿರುವಾಗಲೇ ಮರುಮದುವೆಯಾದ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ಗಂಡ ತೀರಿಕೊಂಡ ದಿನ ಪಿಂಚಣಿ, ಪ್ರಾವಿಡೆಂಟ್ ಫಂಡ್, ಫ್ಲಾಟಿನ ಪಾಲು ಎಲ್ಲದಕ್ಕೂ ಮೊದಲ ಹೆಂಡತಿ ಬಂದು ನಿಲ್ಲಬಹುದು. ಹದಿನೈದು ವರ್ಷ ಸಂಸಾರ ಮಾಡಿದವಳು ಹೊರಗಿನವಳಾಗುತ್ತಾಳೆ. ಕೋರ್ಟುಗಳು ಇಂಥವರ ಮೇಲೆ ಕರುಣೆ ತೋರಿಲ್ಲ ಎಂದಲ್ಲ. ಮೊದಲ ಗಂಡನಿಂದ ಬರೀ ಒಪ್ಪಂದದ ಕಾಗದದ ಮೇಲೆ ಬೇರೆಯಾಗಿ ಮತ್ತೊಬ್ಬನನ್ನು ಮದುವೆಯಾಗಿದ್ದ ಹೆಂಗಸಿಗೆ ಎರಡನೆಯವನು ಜೀವನಾಂಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ತೀರ್ಪಿತ್ತಿತು. ಅಸಿಂಧು ಮದುವೆಯ ಮಕ್ಕಳಿಗೆ ತಂದೆತಾಯಿಯ ಪಾಲಿಗೆ ಬರುವ ಆಸ್ತಿಯಲ್ಲಿ ಹಕ್ಕಿದೆ ಎಂಬುದು 2023ರ ಸೆಪ್ಟೆಂಬರ್ 1ರಂದು ಇತ್ಯರ್ಥವಾದದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲಿಯೇ. ‘ಹಾಗಾದರೆ ಹೆದರಿಕೆಯೇನು?’ ಎಂದು ಕೇಳುವವರು ಗಮನಿಸಬೇಕು: ಈ ಎರಡೂ ಪರಿಹಾರ ಸಿಕ್ಕಿದ್ದು ದೇಶದ ಕೊನೆಯ ಕೋರ್ಟಿನವರೆಗೆ ಹೋದ ಮೇಲೆ. ಮೊದಲೇ ಪಡೆದ ಡಿಕ್ರಿಯಿಂದ ಈ ಅಲೆದಾಟ ಪೂರಾ ತಪ್ಪುತ್ತದೆ.

‘ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಆಗುತ್ತದೆ’ ಎಂಬುದು ಎಲ್ಲರೂ ಹೇಳುವ ಮಾತು. ಒಬ್ಬರು ಬೇಕು, ಇನ್ನೊಬ್ಬರು ಬೇಡ ಎನ್ನುವ ಕೇಸಿನಲ್ಲಿ ಅದು ನಿಜ. ಅದನ್ನು ಮುಚ್ಚಿಡುವುದು ಓದುಗರಿಗೆ ಮೋಸ ಮಾಡಿದಂತೆ. ಆದರೆ ಛಾಪಾ ಕಾಗದಕ್ಕೆ ಸಹಿ ಹಾಕುವ ಜೋಡಿ ಆಗಲೇ ಒಪ್ಪಿಕೊಂಡಿರುತ್ತದೆ. ಅವರಿಗಾಗಿಯೇ 1976ರಲ್ಲಿ ಕಾಯ್ದೆಗೆ 13ಬಿ ಕಲಮನ್ನು ಸೇರಿಸಲಾಗಿದೆ. ಒಂದು ವರ್ಷ ಬೇರೆಯಿದ್ದವರು ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುತ್ತಾರೆ. ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳ ಒಳಗೆ ಮತ್ತೆ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎಂದರೆ ಡಿಕ್ರಿ. ಒಟ್ಟು ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ದೂರವಿದ್ದು, ರಾಜಿಯ ಪ್ರಯತ್ನವೂ ಸೋತು, ಜೀವನಾಂಶ ಮತ್ತು ಮಕ್ಕಳ ವಿಷಯ ಬಗೆಹರಿದಿದ್ದರೆ ಆ ಆರು ತಿಂಗಳನ್ನೂ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಇನ್ನೊಂದು ಅಂಶ ಮುಂಬಯಿಯ ಇಕ್ಕಟ್ಟಿನ ಮನೆಗಳಿಗೆ ತುಂಬ ಬೇಕಾದದ್ದು. ಬೇರೆ ಇರುವುದೆಂದರೆ ಬೇರೆ ಬಾಡಿಗೆಮನೆ ಹಿಡಿಯಲೇಬೇಕೆಂದಲ್ಲ. ಒಂದೇ ಸೂರಿನಡಿ ಇದ್ದೂ ಗಂಡಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆಯಿದ್ದಂತೆಯೇ ಎಂದು 1991ರಲ್ಲೇ ಅದೇ ಕೋರ್ಟು ಹೇಳಿದೆ. ಆದರೆ ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬುದೂ ಆ ತೀರ್ಪಿನಲ್ಲಿಯೇ ಇದೆ. ಹಾಗಾಗಿ ದುಡ್ಡನ್ನೆಲ್ಲ ಮೊದಲೇ ಕೊಟ್ಟುಬಿಡುವುದಾಗಲಿ, ಚಿನ್ನ ಕೈಗೆ ಬರುವ ಮೊದಲೇ ಹೇಳಿಕೆ ಕೊಟ್ಟುಬಿಡುವುದಾಗಲಿ ಬೇಡ. ಯಾವ ಹಂತದಲ್ಲಿ ಏನು ಕೊಡಬೇಕೆಂಬುದು ಕೋರ್ಟಿಗೆ ಕೊಡುವ ಒಪ್ಪಂದದಲ್ಲಿಯೇ ಬರೆದಿರಲಿ. ಹಿರಿಯರು ಭಾನುವಾರ ಕೂತು ಮಾಡಿದ ತೀರ್ಮಾನ ವ್ಯರ್ಥವಾಗದೆ ಕೆಲಸಕ್ಕೆ ಬರುವುದು ಇಲ್ಲಿಯೇ. ಅದನ್ನೇ ಸ್ವಚ್ಛವಾಗಿ ಬರೆಸಿ ಕೋರ್ಟಿಗೆ ಕೊಟ್ಟರೆ ಡಿಕ್ರಿಯ ಭಾಗವಾಗುತ್ತದೆ.

‘ಮಾನ ಹೋಗುತ್ತದೆ, ಮನೆಯ ಮಾತು ಬೀದಿಗೆ ಬರುತ್ತದೆ’ ಎಂಬ ಭಯವೂ ಇದೆ. ಫ್ಯಾಮಿಲಿ ಕೋರ್ಟಿನ ನಡಾವಳಿ ಮುಚ್ಚಿದ ಬಾಗಿಲಿನೊಳಗೆ ನಡೆಯಲಿ ಎಂದು ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ಹಾಗೆಯೇ ನಡೆಸಬೇಕು. ಹಿಂದೂ ವಿವಾಹ ಕಾಯ್ದೆಯ ಪ್ರಕರಣಗಳ ವಿವರವನ್ನು ಅನುಮತಿಯಿಲ್ಲದೆ ಅಚ್ಚು ಹಾಕುವಂತೆಯೂ ಇಲ್ಲ. ಇಪ್ಪತ್ತು ಮಂದಿ ಕೂತ ಸಭೆಯಲ್ಲಿ ಹೆಂಡತಿ ತನ್ನ ಕಷ್ಟ ಹೇಳಿಕೊಳ್ಳುವುದಕ್ಕಿಂತ ಇದು ಹೆಚ್ಚು ಮರ್ಯಾದೆಯದ್ದು. ಕೋರ್ಟು ಬಂದವರನ್ನೆಲ್ಲ ಬೇರೆ ಮಾಡಿ ಕಳಿಸುತ್ತದೆ ಎಂಬುದೂ ಸರಿಯಲ್ಲ. ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬುದು ಕಾನೂನು ಅದಕ್ಕೆ ಹೊರಿಸಿದ ಕರ್ತವ್ಯ, ಅದಕ್ಕಾಗಿ ಮುಂಬಯಿಯ ಕೋರ್ಟಿನಲ್ಲಿ ವಿವಾಹ ಸಲಹೆಗಾರರೇ ಇದ್ದಾರೆ. ಖರ್ಚಿನ ಚಿಂತೆಗೆ ಉತ್ತರ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗಬೇಕು. 15100ಕ್ಕೆ ಫೋನು ಮಾಡಿದರೆ ಎಲ್ಲಿ ಅರ್ಜಿ ಕೊಡಬೇಕೆಂದು ತಿಳಿಯುತ್ತದೆ. ಒಂದು ಮಾತು ಸಮಾಜದ ಹಿರಿಯರಿಗೂ ಹೇಳಬೇಕು. ಕೋರ್ಟಿಗೆ ಹೋದ ತಪ್ಪಿಗೆ ಯಾರನ್ನಾದರೂ ಸಮಾಜದಿಂದ ದೂರವಿಡುವುದು ಮಹಾರಾಷ್ಟ್ರದಲ್ಲಿ 2016ರ ಸಾಮಾಜಿಕ ಬಹಿಷ್ಕಾರ ವಿರೋಧಿ ಕಾಯ್ದೆಯ ಕೆಳಗೆ ಅಪರಾಧ.

ಒಬ್ಬರೇ ವಿಚ್ಛೇದನ ಕೇಳುವಾಗ ಕಾರಣ ತೋರಿಸಬೇಕು: ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ, ಮತಾಂತರ, ವಾಸಿಯಾಗದ ಮಾನಸಿಕ ಕಾಯಿಲೆ, ಏಳು ವರ್ಷ ಸುಳಿವಿಲ್ಲದಿರುವುದು ಮುಂತಾದವು. ‘ಇಬ್ಬರಿಗೂ ಹೊಂದುತ್ತಿಲ್ಲ, ಮದುವೆ ಸತ್ತುಹೋಗಿದೆ’ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಸೇರಿಸಬೇಕೆಂದು ಕಾನೂನು ಆಯೋಗ 1978ರಲ್ಲಿ ಹೇಳಿತು, 2009ರಲ್ಲಿ ಮತ್ತೆ ಹೇಳಿತು. 2013ರಲ್ಲಿ ರಾಜ್ಯಸಭೆ ಒಪ್ಪಿದ ಮಸೂದೆ ಕಾನೂನಾಗದೆ ಹೋಯಿತು. ಆ ಆಧಾರದ ಮೇಲೆ ಮದುವೆ ಮುರಿಯುವ ಅಧಿಕಾರ ತನಗಿದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 1ರಂದು ಹೇಳಿತು, ಆದರೆ ಅದು ಆ ಕೋರ್ಟಿಗೆ ಮಾತ್ರ. ಚೆಂಬೂರಿನ ಸಾಮಾನ್ಯ ದಂಪತಿಗೆ ದಿಲ್ಲಿಯ ಆ ಬಾಗಿಲು ದೂರ. ಕಾನೂನಿನ ಈ ಕೊರತೆಯೇ ಎಷ್ಟೋ ಜನರನ್ನು ಸುಳ್ಳು ಆರೋಪಗಳ ಕಡೆಗೆ ಅಥವಾ ಛಾಪಾ ಕಾಗದದ ಕಡೆಗೆ ದೂಡುತ್ತದೆಂದು ನನಗನಿಸುತ್ತದೆ. ಸಂಸತ್ತು ಇದನ್ನು ಸರಿಪಡಿಸಬೇಕು. ಅಲ್ಲಿಯವರೆಗೆ ಪರಸ್ಪರ ಒಪ್ಪಿಗೆಯನ್ನು ತಾಳ್ಮೆಯಿಂದ ಸಾಧಿಸುವುದೇ ಹತ್ತಿರದ ದಾರಿ, ಅದರಲ್ಲಿ ಹಿರಿಯರ ಪಾತ್ರ ದೊಡ್ಡದು. ಹೋರಾಡಿ ಪಡೆದ ಡಿಕ್ರಿಯಾದರೆ ಮೇಲ್ಮನವಿಯ ಅವಧಿ ಮುಗಿಯದೆ ಮರುಮದುವೆಯ ದಿನ ಗೊತ್ತುಮಾಡಬಾರದು. ಆ ಅವಧಿ 90 ದಿನ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ ಹೇಳಿದೆ.

ದುಡ್ಡಿನ ವಿಷಯದಲ್ಲಿ ಖಾಸಗಿ ಒಪ್ಪಂದಕ್ಕೂ ಕೋರ್ಟಿನ ಆದೇಶಕ್ಕೂ ಇರುವ ಅಂತರ ಕಣ್ಣಿಗೆ ಕಟ್ಟುತ್ತದೆ. ತಿಂಗಳಿಗೆ ಇಷ್ಟು ಎಂದು ಛಾಪಾ ಕಾಗದದಲ್ಲಿ ಬರೆದು ಆರು ತಿಂಗಳು ಕೊಟ್ಟು ನಿಲ್ಲಿಸಿದರೆ ಹೆಂಡತಿ ಹೊಸದಾಗಿ ಕೇಸು ಹಾಕಿ ಮೊದಲಿನಿಂದ ಶುರುಮಾಡಬೇಕು. ಅದೇ ಕೋರ್ಟಿನ ಜೀವನಾಂಶದ ಆದೇಶವಾದರೆ ವಾರಂಟು ಹೊರಡುತ್ತದೆ. ಬಾಕಿಯ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಈ ಆದೇಶ ಕೊಡುವ ನಿಯಮ ಮೊದಲು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಮಾಗಿದ್ದು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, ಬಾಕಿ ಬಿದ್ದ ಒಂದು ವರ್ಷದೊಳಗೆ ಕೇಳಬೇಕು ಎಂಬುದನ್ನು ಮರೆಯಬಾರದು. ಸಂಬಳ ಬಚ್ಚಿಡುವ ಗಂಡಂದಿರ ಕಾಟಕ್ಕೂ ಮದ್ದು ಸಿಕ್ಕಿದೆ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಲೇಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕಟ್ಟಳೆ ಮಾಡಿತು. ಮದುವೆಯಲ್ಲಿ ತವರಿನವರು ಹಾಕಿದ ಚಿನ್ನ ಸ್ತ್ರೀಧನ, ಅದು ಪೂರಾ ಅವಳದ್ದು. ಅತ್ತೆಯ ಲಾಕರಿನಲ್ಲಿದ್ದ ಮಾತ್ರಕ್ಕೆ ಅತ್ತೆಯದಾಗದು. ಮನೆ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗೂ ಉತ್ತರ ಬದಲಾಗಿದೆ. ಫ್ಲಾಟು ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟಿನ 2020ರ ಅಕ್ಟೋಬರಿನ ತೀರ್ಪು ಸ್ಪಷ್ಟಪಡಿಸಿತು. ಅದು ಒಡೆತನವಲ್ಲ, ಹೊರದೂಡದಂತೆ ಇರುವ ರಕ್ಷಣೆ. ಹಳೆಯ ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿರುವ ಚೆಂಬೂರಿನಲ್ಲಿ ಜಂಟಿ ಹೆಸರಿನ ಫ್ಲಾಟಿದ್ದರೆ ಹೊಸ ಮನೆ ಯಾರಿಗೆ, ಬಿಲ್ಡರು ಕೊಡುವ ಬಾಡಿಗೆ ಯಾರಿಗೆ, ಬ್ಯಾಂಕಿನ ಕಂತು ಯಾರ ಪಾಲಿಗೆ ಎಂಬುದನ್ನೆಲ್ಲ ಒಪ್ಪಂದದಲ್ಲಿ ಬಿಡಿಸಿ ಬರೆಯಬೇಕು.

ಮಕ್ಕಳ ವಿಷಯದಲ್ಲಂತೂ ಹಿರಿಯರ ತೀರ್ಮಾನಕ್ಕೆ ಮಿತಿಯಿದೆ, ತಂದೆತಾಯಿಯ ಒಪ್ಪಂದಕ್ಕೂ ಮಿತಿಯಿದೆ. ‘ಗಂಡುಮಗು ಅಪ್ಪನಿಗೆ’ ಎಂಬ ಮಾತು ಎಷ್ಟು ಸಲ ಕೇಳಿಬಂದರೂ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ತಂದೆಯನ್ನು ಸಹಜ ಪಾಲಕ ಎನ್ನುತ್ತದೆ, ಅವನ ನಂತರ ತಾಯಿ ಎನ್ನುತ್ತದೆ. ಅದನ್ನು ತಂದೆ ಸತ್ತ ಮೇಲೆ ಎಂದೇ ಓದಬೇಕಿಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪಾಲಕಿ ಎಂದು ಲೇಖಕಿ ಗೀತಾ ಹರಿಹರನ್ ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಹೂಡಿದ ಪ್ರಕರಣದಲ್ಲಿ 1999ರಲ್ಲಿ ಇತ್ಯರ್ಥವಾಯಿತು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಇವೆಲ್ಲಕ್ಕೂ ಮೇಲೆ ಒಂದೇ ಅಳತೆ: ಮಗುವಿನ ಹಿತ. ಯಾರಿಗೆ ಸಂಬಳ ಹೆಚ್ಚು, ತಪ್ಪು ಯಾರದು ಎಂಬುದರಿಂದಲೇ ಪಾಲನೆ ನಿರ್ಧಾರವಾಗುವುದಿಲ್ಲ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಕೇಳುತ್ತಾರೆ. ತಾಯಿ ‘ನನಗೇನೂ ಬೇಡ, ಮಗು ಮಾತ್ರ ಕೊಡಿ’ ಎಂದು ಮಗುವಿನ ಖರ್ಚನ್ನೂ ಬಿಟ್ಟುಕೊಟ್ಟು ಸಹಿ ಹಾಕುವುದು ನಮ್ಮಲ್ಲಿ ಸಾಮಾನ್ಯ. ಆ ಹಕ್ಕು ಮಗುವಿನದು. ತಾಯಿ ಬಿಟ್ಟುಕೊಟ್ಟರೂ ಅದು ಹೋಗುವುದಿಲ್ಲ, ನಾಳೆ ಮಗುವಿನ ಪರವಾಗಿ ಕೇಳಬಹುದು.

ಮುಂಬಯಿಯ ನಮ್ಮ ಕುಟುಂಬಗಳಲ್ಲಿ ಪಾಲನೆಯ ಜಗಳ ಬಹುಮಟ್ಟಿಗೆ ಮೇ ತಿಂಗಳ ರಜೆಯಲ್ಲಿ ಏಳುತ್ತದೆ. ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಹಿಡಿದು ಊರಿಗೆ ಹೋದ ಮಗು ಶಾಲೆ ಶುರುವಾದರೂ ಹಿಂದಿರುಗುವುದಿಲ್ಲ; ಅಲ್ಲಿಯೇ ಶಾಲೆಗೆ ಸೇರಿಸಿದ ಸುದ್ದಿ ಬರುತ್ತದೆ. ಪಾಲನೆಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟು ಕೇಳಬೇಕೆಂದು 1890ರ ಪಾಲಕರ ಕಾಯ್ದೆ ಹೇಳುತ್ತದೆ. ಚೆಂಬೂರಿನ ಶಾಲೆಯಲ್ಲಿ ಮೂರನೇ ತರಗತಿವರೆಗೆ ಓದಿದ ಮಗುವನ್ನು ರಜೆಗೆಂದು ಕರೆದುಕೊಂಡು ಹೋಗಿ ಇಟ್ಟುಕೊಂಡರೆ ಅದರ ವಾಸ ತಟ್ಟನೆ ಕುಂದಾಪುರಕ್ಕೆ ಬದಲಾಗುವುದಿಲ್ಲ. ಆದರೂ ಮುಂಬಯಿಯಲ್ಲಿರುವ ತಂದೆಯೋ ತಾಯಿಯೋ ಸುಮ್ಮನೆ ಕಾಯುತ್ತಾ ಕುಳಿತರೆ ದಿನ ಕಳೆದಷ್ಟೂ ವಾದ ಸಡಿಲವಾಗುತ್ತದೆ. ಇದಕ್ಕೆಲ್ಲ ಮದ್ದು ವಿಚ್ಛೇದನದ ಒಪ್ಪಂದ ಬರೆಯುವಾಗಲೇ ಇದೆ. ವಾರಾಂತ್ಯ ಯಾರ ಬಳಿ, ರಾತ್ರಿ ಉಳಿಯಬಹುದೇ, ಗಣೇಶ ಚೌತಿ ಯಾರ ಮನೆಯಲ್ಲಿ, ದೀಪಾವಳಿ ಯಾರಲ್ಲಿ, ಮೇ ರಜೆಯ ಯಾವ ಅರ್ಧ ಯಾರಿಗೆ, ಊರಿಗೆ ಕರೆದೊಯ್ಯುವವರು ಯಾರು, ವಾಪಸು ತಂದು ಒಪ್ಪಿಸುವ ದಿನ ಯಾವುದು, ಟಿಕೆಟ್ಟಿನ ದುಡ್ಡು ಯಾರದು, ಅಜ್ಜಿಗೆ ವೀಡಿಯೊ ಕಾಲ್ ಯಾವಾಗ, ಪಾಸ್‌ಪೋರ್ಟಿಗೆ ಸಹಿ ಹಾಕುವವರು ಯಾರು ಎಂಬುದನ್ನೆಲ್ಲ ತಾರೀಖು ಸಮೇತ ಬರೆಸಬೇಕು. ‘ರಜೆಯಲ್ಲಿ ಭೇಟಿಗೆ ಅವಕಾಶ’ ಎಂದಷ್ಟೇ ಬರೆದರೆ ಪ್ರತಿ ವರ್ಷವೂ ಹೊಸ ಜಗಳ. ಪಾಲನೆಯ ಆದೇಶ ಎಂದಿಗೂ ಕೊನೆಯ ಮಾತಲ್ಲ: ಮಗು ದೊಡ್ಡದಾದಂತೆ, ತಂದೆಯ ಕೆಲಸ ದುಬೈಗೋ ಬೆಂಗಳೂರಿಗೋ ಬದಲಾದಂತೆ, ತಾಯಿ ಮರುಮದುವೆಯಾದಂತೆ ಅದನ್ನು ಬದಲಿಸಿಕೊಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ರಜೆ ಮುಗಿದರೂ ಮಗುವನ್ನು ತಂದು ಒಪ್ಪಿಸದಿದ್ದರೆ ಆದೇಶದ ಪ್ರತಿ ಹಿಡಿದು ಅಲ್ಲಿಗೇ ಹೋಗಿ ಅದನ್ನು ಜಾರಿ ಮಾಡಿಸಿ ಎಂದು ಕೇಳಬಹುದು.